ನಾಲ್ಕು ಅಗ್ಗದ ಕಾರ್ಡುಗಳು, ಒಂದು ಹಳೆಯ ಕಂಪ್ಯೂಟರ್ ಮತ್ತು ನೈಟ್ ಸಿಟಿ

ನನ್ನ ಕಂಪ್ಯೂಟರಿನ ಕ್ಯಾಬಿನೆಟ್ಟಿನ ಎಡಬದಿಯ ತಗಡನ್ನು ಬಿಚ್ಚಿಟ್ಟು ಮೂರು ವಾರಗಳಾದವು. ಅದು ಮೇಜಿನ ಕೆಳಗೆ ಗೋಡೆಗೆ ಒರಗಿ ನಿಂತಿದೆ. ಅದರ ಎರಡು ಸ್ಕ್ರೂಗಳು ಕಳೆದುಹೋಗದಿರಲೆಂದು ಉಪ್ಪಿನಕಾಯಿಯ ಸ್ಟೀಲ್ ಬಟ್ಟಲೊಂದರಲ್ಲಿ ಕುಳಿತಿವೆ. ಈ ಮೂರು ವಾರಗಳಲ್ಲಿ ಒಂದೇ ಮದರ್‌ಬೋರ್ಡಿನ ಒಂದೇ ಸ್ಲಾಟಿಗೆ ನಾಲ್ಕು ಗ್ರಾಫಿಕ್ಸ್ ಕಾರ್ಡುಗಳು, ಅಂದರೆ ಪರದೆಯ ಚಿತ್ರ ಬಿಡಿಸುವ ಕಾರ್ಡುಗಳು, ಬಂದು ಹೋದವು. ನನ್ನದೇ ಹಳೆಯ ಜಿಟಿಎಕ್ಸ್ 1650, ದಾವಣಗೆರೆಯಲ್ಲಿರುವ ಚಿಕ್ಕಮ್ಮನ ಮಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆರ್‌ಎಕ್ಸ್ 580, ಕಚೇರಿಯ ಸಹೋದ್ಯೋಗಿಯೊಬ್ಬರು ಒಂದು ಭಾನುವಾರದ ಮಟ್ಟಿಗೆ ಎರವಲು ಕೊಟ್ಟ ಆರ್‌ಟಿಎಕ್ಸ್ 3050, ಕೊನೆಗೆ ನಾನೇ ಹೊಸದಾಗಿ ಕೊಂಡ ಆರ್‌ಎಕ್ಸ್ 6600. ಆಡಿಸಿದ ಆಟ ಒಂದೇ: ನೈಟ್ ಸಿಟಿ ಎಂಬ ಕಾಲ್ಪನಿಕ ನಗರದಲ್ಲಿ ನಡೆಯುವ ವಿಡಿಯೋ ಗೇಮ್ ಸೈಬರ್‌ಪಂಕ್ 2077.

ಇಷ್ಟೆಲ್ಲ ಪಾಡು ಏಕೆಂದರೆ, ಕಾರ್ಡುಗಳ ವಿಮರ್ಶೆಗಳನ್ನು ಓದಿ ಓದಿ ನನಗೆ ಒಂದು ಅನುಮಾನ ಗಟ್ಟಿಯಾಗಿತ್ತು. ವಿಮರ್ಶಕರು ಯಾವ ಕಾರ್ಡನ್ನೇ ಪರೀಕ್ಷಿಸಲಿ, ಅದನ್ನು ಆ ಹೊತ್ತಿನ ಅತ್ಯಂತ ವೇಗದ ಪ್ರೊಸೆಸರಿನ ಜೊತೆಗೆ ಜೋಡಿಸುತ್ತಾರೆ. ಕಾರ್ಡಿನ ಶಕ್ತಿಯೊಂದನ್ನೇ ಅಳೆಯಬೇಕೆಂದರೆ ಅದು ಸರಿಯಾದ ಕ್ರಮವೇ. ಆದರೆ ಹದಿನೈದು-ಇಪ್ಪತ್ತು ಸಾವಿರದ ಕಾರ್ಡು ಕೊಳ್ಳುವವನ ಮನೆಯಲ್ಲಿ ಅಂಥ ಪ್ರೊಸೆಸರ್ ಇರುವುದಿಲ್ಲ. ನನ್ನಲ್ಲಿರುವುದು 2019ರ ಇಂಟೆಲ್ ಕೋರ್ ಐ5 9400ಎಫ್. ಆರು ಕೋರ್, ಆರೇ ಥ್ರೆಡ್. ಜೊತೆಗೆ 16 ಜಿಬಿ ಡಿಡಿಆರ್4 ರ‍್ಯಾಮ್, ಒಂದು ಸಾಧಾರಣ ಎಸ್‌ಎಸ್‌ಡಿ, 450 ವ್ಯಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬ) ಮತ್ತು 1080ಪಿ, ಅಂದರೆ 1920x1080 ಚುಕ್ಕೆಗಳ, ಮಾನಿಟರ್. ಕರ್ನಾಟಕದಲ್ಲಿ ಕಾಲೇಜು ಓದುವ ಹುಡುಗರ ಮನೆಗಳಲ್ಲಿ ನಾನು ಕಂಡ ಕಂಪ್ಯೂಟರುಗಳು ಇದಕ್ಕಿಂತ ಬಹಳ ಮೇಲಿನವೇನೂ ಅಲ್ಲ. ಇಂಥ ಯಂತ್ರದೊಳಗೆ ಹಾಕಿದಾಗ ಕಾರ್ಡುಗಳ ನಡುವಿನ ಅಂತರ ವಿಮರ್ಶೆಗಳು ಹೇಳಿದಷ್ಟೇ ಉಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಉಳಿಯುವುದಿಲ್ಲ ಎಂಬುದು ಉತ್ತರ. ಹೇಗೆ ಉಳಿಯುವುದಿಲ್ಲ ಎಂಬುದರಲ್ಲೇ ಸ್ವಾರಸ್ಯವಿದೆ.

ಆಟದ ಬಗ್ಗೆ ಒಂದೆರಡು ಮಾತು. ಪೋಲೆಂಡಿನ ವಾರ್ಸಾದಲ್ಲಿರುವ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಸೈಬರ್‌ಪಂಕ್ 2077 ಆಟವನ್ನು 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದ ಕೆಳಗಿಳಿಸಿತು. ಮತ್ತೆ ಏರಿಸಿದ್ದು 2021ರ ಜೂನ್‌ನಲ್ಲಿ. ನಮಗೆ ಇಲ್ಲಿ ಮುಖ್ಯವಾದದ್ದು ಆಮೇಲಿನ ಕಥೆ. 2023ರ ಜೂನ್‌ನಲ್ಲಿ ಸಂಸ್ಥೆ ಪಿಸಿಯ ಕನಿಷ್ಠ ಅಗತ್ಯಗಳನ್ನು ಮೇಲಕ್ಕೇರಿಸಿ, 6 ಜಿಬಿಯ ಜಿಟಿಎಕ್ಸ್ 1060 ಅಥವಾ 8 ಜಿಬಿಯ ಆರ್‌ಎಕ್ಸ್ 580 ಇರಲೇಬೇಕು, ಹಾರ್ಡ್ ಡಿಸ್ಕ್ ಸಾಲದು, ಎಸ್‌ಎಸ್‌ಡಿಯೇ ಬೇಕು ಎಂದು ಪ್ರಕಟಿಸಿತು. ಅದೇ ಸೆಪ್ಟೆಂಬರ್‌ನಲ್ಲಿ 2.0 ಪ್ಯಾಚ್, ಅಂದರೆ ಆಟದ ಪರಿಷ್ಕರಣೆ, ಬಂತು, ಅದರ ಬೆನ್ನಿಗೆ ಫ್ಯಾಂಟಮ್ ಲಿಬರ್ಟಿ ಎಂಬ ವಿಸ್ತರಣೆ ಬಂತು, ಡಾಗ್‌ಟೌನ್ ಎಂಬ ಹೊಸ ಬಡಾವಣೆ ತೆರೆಯಿತು. ಆದ್ದರಿಂದ 2021ರಲ್ಲಿ ಯಾರೋ ಚಿತ್ರೀಕರಿಸಿದ "1650ರಲ್ಲಿ ಸೈಬರ್‌ಪಂಕ್" ವಿಡಿಯೋ ನೋಡಿ ಇಂದು ಕಾರ್ಡು ಕೊಳ್ಳುವುದು, ಹಳೆಯ ಬಸ್ ವೇಳಾಪಟ್ಟಿ ಹಿಡಿದುಕೊಂಡು ನಿಲ್ದಾಣಕ್ಕೆ ಹೋದಂತೆ. ಹೆಸರು ಅದೇ ಇದ್ದರೂ ಆಟದ ಭಾರ ಅದೇ ಅಲ್ಲ.

ಅಳೆಯುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಆಟದೊಳಗೇ ವೇಗ ಅಳೆಯುವ ಒಂದು ಬೆಂಚ್‌ಮಾರ್ಕ್ ಇದೆ. ಕ್ಯಾಮೆರಾ ಒಂದು ಬಾರಿನೊಳಗಿನಿಂದ ಹೊರಟು ಬೀದಿಗೆ ಬಂದು ಸುಮಾರು ಒಂದು ನಿಮಿಷ ಅಲೆದಾಡುತ್ತದೆ. ಪ್ರತಿ ಕಾರ್ಡಿಗೂ ಅದನ್ನು ನಾಲ್ಕು ಸಲ ಓಡಿಸಿ ಮೊದಲನೆಯದನ್ನು ಬಿಟ್ಟು ಉಳಿದ ಮೂರನ್ನು ಬರೆದುಕೊಂಡೆ. ಆದರೆ ಅದೊಂದನ್ನೇ ನಂಬಲಿಲ್ಲ, ಏಕೆಂದರೆ ಆ ಕ್ಯಾಮೆರಾ ನಡೆಯುತ್ತದೆ. ಆಡುವವರು ನಡೆಯುವುದಿಲ್ಲ, ಕಾರಿನಲ್ಲಿ ನುಗ್ಗುತ್ತಾರೆ. ಹಾಗಾಗಿ ನನ್ನದೇ ಒಂದು ದಾರಿಯನ್ನು ಗೊತ್ತುಮಾಡಿಕೊಂಡೆ: ವಾಟ್ಸನ್‌ನ ಲಿಟಲ್ ಚೈನಾದಲ್ಲಿರುವ ನಾಯಕನ ಮನೆ, ಅಂದರೆ ಮೆಗಾಬಿಲ್ಡಿಂಗ್ ಎಚ್10ರಿಂದ ಇಳಿದು, ಕಾರು ಹತ್ತಿ, ಸಿಟಿ ಸೆಂಟರಿನ ಕಾರ್ಪೊ ಪ್ಲಾಜಾವನ್ನು ಒಂದು ಸುತ್ತು ಹಾಕುವುದು, ಬಳಿಕ ಡಾಗ್‌ಟೌನ್‌ನ ಮಾರುಕಟ್ಟೆಯ ಜನರ ನಡುವೆ ಎರಡು ನಿಮಿಷ ನಡೆಯುವುದು. ಎಎಂಡಿ (ಆರ್‌ಎಕ್ಸ್) ಮತ್ತು ಎನ್ವಿಡಿಯಾ (ಜಿಟಿಎಕ್ಸ್, ಆರ್‌ಟಿಎಕ್ಸ್) ಕಂಪನಿಗಳ ಕಾರ್ಡುಗಳ ನಡುವೆ ಬದಲಾಯಿಸುವಾಗಲೆಲ್ಲ ಹಳೆಯ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ಸೇಫ್ ಮೋಡ್‌ಗೆ ಹೋಗಿ ಬೇರುಸಹಿತ ತೆಗೆದು ಹೊಸದನ್ನು ಹಾಕಿದೆ. 9400ಎಫ್ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲವೇ ಇಲ್ಲವಾದ್ದರಿಂದ, ಕಾರ್ಡು ಸ್ಲಾಟಿನಲ್ಲಿ ಒಂದು ಕೂದಲೆಳೆಯಷ್ಟು ಸಡಿಲವಾಗಿ ಕೂತರೂ ಪರದೆ ಕಪ್ಪು. ಈ ಮೂರು ವಾರಗಳಲ್ಲಿ ಅಂಥ ಕಪ್ಪನ್ನು ನಾನು ಎರಡು ಬಾರಿ ನೋಡಿ ಎದೆ ಹಿಡಿದುಕೊಂಡಿದ್ದೇನೆ.

ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮುಗಳ, ಸಂಖ್ಯೆ) ಜೊತೆಗೆ "ಒಂದು ಶೇಕಡಾ ಕನಿಷ್ಠ" ಎಂಬ ಅಂಕಿಯನ್ನೂ ಬರೆದುಕೊಂಡೆ. ಒಂದು ನಿಮಿಷದಲ್ಲಿ ಸರಾಸರಿ 45ರಂತೆ 2700 ಫ್ರೇಮುಗಳು ಮೂಡಿದವೆನ್ನಿ. ಅವುಗಳಲ್ಲಿ ಅತಿ ನಿಧಾನವಾಗಿ ಮೂಡಿದ 27 ಫ್ರೇಮುಗಳು ಎಷ್ಟು ಹೊತ್ತು ತೆಗೆದುಕೊಂಡವು ಎಂಬುದನ್ನು ಅದು ತೋರಿಸುತ್ತದೆ. ಕಣ್ಣಿಗೆ ತಡೆ ಅನ್ನಿಸುವುದು ಆ 27ರಿಂದಲೇ ಹೊರತು ಉಳಿದ 2673ರಿಂದ ಅಲ್ಲ. ಸೆಕೆಂಡಿಗೆ 60 ಎಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್, 30 ಎಂದರೆ 33.3 ಮಿಲಿಸೆಕೆಂಡ್. ಈ ಎರಡರ ನಟ್ಟನಡುವೆ ಇರುವುದು 25 ಮಿಲಿಸೆಕೆಂಡ್, ಅಂದರೆ 45 ಅಲ್ಲ, 40 ಎಫ್‌ಪಿಎಸ್. ಈ ಸಣ್ಣ ಲೆಕ್ಕ ತಿಳಿದ ದಿನದಿಂದ ನಾನು 60ರ ಹಟ ಬಿಟ್ಟಿದ್ದೇನೆ. ಅಲುಗಾಡದ 40 ಸಿಕ್ಕರೆ ಅಗ್ಗದ ಕಾರ್ಡಿನವನಿಗೆ ಅದು ಹಬ್ಬವೇ.

ಮೊದಲು ಜಿಟಿಎಕ್ಸ್ 1650. ಇದು 2019ರ ಏಪ್ರಿಲ್‌ನಲ್ಲಿ ಬಂದ ಕಾರ್ಡು. 896 ಕೋರ್‌ಗಳು, 4 ಜಿಬಿ ಮೆಮೊರಿ, ಆ ಮೆಮೊರಿಗೆ 128 ಬಿಟ್‌ನ ದಾರಿ, 75 ವ್ಯಾಟ್. ಬೇರೆ ವಿದ್ಯುತ್ ವೈರು ಬೇಡದೆ ಸ್ಲಾಟಿನಿಂದಲೇ ಬದುಕುವ ಸಾಧು ಪ್ರಾಣಿ. ಟೆಕ್ಸ್ಚರ್ ಬಿಟ್ಟು ಉಳಿದೆಲ್ಲವನ್ನೂ ಲೋ ಮಾಡಿಟ್ಟರೆ ಬೆಂಚ್‌ಮಾರ್ಕ್‌ನಲ್ಲಿ 40ರ ಆಸುಪಾಸು ಕೊಟ್ಟಿತು. ಕಾಗದದ ಮೇಲೆ ನೋಡಿದರೆ ನಾನು ಈಗ ತಾನೇ ಹೊಗಳಿದ 40 ಅದೇ. ಆದರೆ ಕಾರು ಹತ್ತಿದ ಕೂಡಲೇ ಬಣ್ಣ ಬಯಲಾಯಿತು.

ಟೆಕ್ಸ್ಚರನ್ನು, ಅಂದರೆ ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರಗಳನ್ನು, ನಾನು ಮೀಡಿಯಂನಲ್ಲಿ ಇಟ್ಟಿದ್ದೆ. ಲಿಟಲ್ ಚೈನಾದಿಂದ ಸಿಟಿ ಸೆಂಟರಿನ ಕಡೆಗೆ ವೇಗವಾಗಿ ಹೊರಟರೆ, ಎದುರು ಬರುವ ಅಂಗಡಿಯ ಫಲಕಗಳು ಒದ್ದೆ ಬಟ್ಟೆಯಿಂದ ಒರೆಸಿದ ಸ್ಲೇಟಿನಂತೆ ಮಸುಕಾಗಿ ಕಾಣುತ್ತಿದ್ದವು; ನಾನು ಬ್ರೇಕ್ ಹಾಕಿ ಎರಡು ಮೂರು ಸೆಕೆಂಡು ನಿಂತ ಮೇಲೆ ಅಕ್ಷರಗಳು ಮೂಡುತ್ತಿದ್ದವು. ಮೂಲೆಯಲ್ಲಿದ್ದ ಅಳತೆಪಟ್ಟಿಯಲ್ಲಿ ಕಾರ್ಡಿನ ಮೆಮೊರಿ ತುಂಬಿ ತುಳುಕುತ್ತಿತ್ತು. ತುಂಬಿದ ಮೇಲೆ ಮುಂದಿನ ಬೀದಿಯ ಚಿತ್ರಗಳು ಕಂಪ್ಯೂಟರಿನ ರ‍್ಯಾಮ್‌ನಿಂದ ಸ್ಲಾಟಿನ ಮೂಲಕ ಹಾಯ್ದು ಬರಬೇಕು. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 128 ಜಿಬಿ ಸಾಗಿಸಿದರೆ, ಕಾರ್ಡು ಕೂರುವ ಪಿಸಿಐಇ 3.0 ಸ್ಲಾಟಿನ ಹದಿನಾರೂ ಲೇನ್ ಸೇರಿ ಸಾಗಿಸುವುದು 16 ಜಿಬಿಗಿಂತ ತುಸು ಕಡಿಮೆ. ಎಂಟು ಪಟ್ಟು ಕಿರಿದಾದ ಆ ಓಣಿಯಲ್ಲಿ ಬಾಗಿಲು ತಟ್ಟುತ್ತ ನಿಂತ ಪ್ರತಿಯೊಂದು ಕ್ಷಣವೂ ಪರದೆಯ ಮೇಲೆ ಒಂದು ಕುಲುಕಾಟವಾಗಿ ಕಾಣಿಸಿಕೊಳ್ಳುತ್ತದೆ. ಕೆಲವು ಫ್ರೇಮುಗಳು 80-90 ಮಿಲಿಸೆಕೆಂಡು ನಿಂತವು. ತಿರುವಿನಲ್ಲಿ ಅಷ್ಟು ಹೊತ್ತು ನಿಂತರೆ ಕಾರು ಕಂಬಕ್ಕೆ ಹೋಗಿರುತ್ತದೆ, ನನ್ನದು ಹೋಯಿತು ಕೂಡ.

ಇಲ್ಲಿ ಒಂದು ಕಿರಿಕಿರಿಯಿದೆ. ಈ ಆಟದಲ್ಲಿ ಟೆಕ್ಸ್ಚರ್ ಗುಣಮಟ್ಟವನ್ನು ಆಟದ ನಡುವೆ ಬದಲಾಯಿಸಲು ಬರುವುದಿಲ್ಲ. ಮುಖ್ಯ ಮೆನುವಿಗೆ ಹೊರಗೆ ಬಂದರೆ ಮಾತ್ರ ಆ ಸಾಲು ಕೈಗೆ ಸಿಗುತ್ತದೆ. ಹೊರಬಂದು ಲೋ ಮಾಡಿ ಮತ್ತೆ ಅದೇ ದಾರಿಯಲ್ಲಿ ಓಡಿಸಿದೆ. ಸರಾಸರಿ ಬದಲಾದದ್ದು ಒಂದೇ ಒಂದು ಫ್ರೇಮು. ಆದರೆ ಕುಲುಕಾಟ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಸರಾಸರಿಯನ್ನು ಮಾತ್ರ ನೋಡುವವನು ಈ ಎರಡು ಓಟಗಳನ್ನೂ ಒಂದೇ ಎಂದು ಬರೆದಿರುತ್ತಿದ್ದ. ಆಡಿದವನಿಗೆ ಒಂದು ಹೊಂಡ ಬಿದ್ದ ರಸ್ತೆ, ಇನ್ನೊಂದು ಡಾಂಬರು ಕಂಡ ರಸ್ತೆ. 4 ಜಿಬಿಯ ಕಾರ್ಡಿನಲ್ಲಿ ಕೋರ್‌ಗಳು ಸೋಲುವ ಮೊದಲು ಮೆಮೊರಿ ಸೋಲುತ್ತದೆ ಎಂಬುದನ್ನು ಓದಿ ತಿಳಿಯುವುದೇ ಬೇರೆ, ಕಂಬಕ್ಕೆ ಗುದ್ದಿ ತಿಳಿಯುವುದೇ ಬೇರೆ.

ಎರಡನೆಯದು ಆರ್‌ಎಕ್ಸ್ 580, ಅದರ ಕಥೆಯಲ್ಲಿ ಸ್ವಲ್ಪ ಮೋಸವೂ ಸೇರಿದೆ. ನನ್ನ ತಮ್ಮ, ಅಂದರೆ ಆ ಚಿಕ್ಕಮ್ಮನ ಮಗ, ಬೆಂಗಳೂರಿಗೆ ಬಂದಿದ್ದಾಗ ಎಸ್‌ಪಿ ರೋಡ್ ಸುತ್ತಾಡಿ, 8 ಜಿಬಿಯ ಕಾರ್ಡೊಂದನ್ನು ಕೊಂಡು ಸೀದಾ ನನ್ನ ಮನೆಗೆ ಬಂದ. ಸರ್ದಾರ್ ಪತ್ರಪ್ಪ ರಸ್ತೆಯ ಪರಿಚಯ ಇರುವವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಒಂದು ಮಳಿಗೆಯ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಕಾರ್ಡು ಹೊಳೆಯುತ್ತಿದ್ದರೆ, ಪಕ್ಕದ ಮಹಡಿಯ ಮೆಟ್ಟಿಲ ಕೆಳಗೆ ಬಬಲ್ ಶೀಟಿನಲ್ಲಿ ಸುತ್ತಿದ ಹಳೆಯ ಕಾರ್ಡುಗಳು ರಾಶಿ ಬಿದ್ದಿರುತ್ತವೆ. "ಅಣ್ಣ, ಒಂದು ಸಲ ನೋಡು, ಚೆನ್ನಾಗಿದೆಯಾ ಹೇಳು" ಎಂದ. ಹಾಕಿ ನೋಡಿದೆ. ವಿಂಡೋಸ್ ಅದನ್ನು ಆರ್‌ಎಕ್ಸ್ 580 ಎಂದೇ ಗುರುತಿಸಿತು. ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ತಂತ್ರಾಂಶ ತೆರೆದಾಗ ಶೇಡರ್‌ಗಳ (ಎಎಂಡಿ ಕಾರ್ಡಿನ ಕೋರ್‌ಗಳ) ಸಂಖ್ಯೆ 2048 ಎಂದು ತೋರಿಸಿತು.

2017ರ ಏಪ್ರಿಲ್‌ನಲ್ಲಿ ಎಎಂಡಿ ಬಿಡುಗಡೆ ಮಾಡಿದ ಆರ್‌ಎಕ್ಸ್ 580ರಲ್ಲಿ ಇರುವುದು 2304 ಶೇಡರ್‌ಗಳು. 2018ರಲ್ಲಿ ಚೀನಾದ ಮಾರುಕಟ್ಟೆಗೆಂದು 2048 ಶೇಡರ್‌ಗಳ ಇನ್ನೊಂದು ರೂಪ ಬಂತು. ಅದರ ಪೂರ್ತಿ ಹೆಸರು ಆರ್‌ಎಕ್ಸ್ 580 2048ಎಸ್‌ಪಿ, ಅದರ ಒಳಗಿರುವುದು ಹೆಚ್ಚು ಕಡಿಮೆ ಆರ್‌ಎಕ್ಸ್ 570. ಸರಕು ಕೈಯಿಂದ ಕೈಗೆ ಹೋಗುವಾಗ ಹೆಸರಿನ ಬಾಲ ಉದುರಿಹೋಗುತ್ತದೆ. ಅಂಗಡಿಯವರು ಬಾಲವನ್ನು ಹೇಳಲಿಲ್ಲ, ತಮ್ಮನಿಗೆ ಕೇಳಬೇಕೆಂದು ಗೊತ್ತಿರಲಿಲ್ಲ. ಮರುದಿನ ಹೋದಾಗ "ವಾಪಸ್ ಇಲ್ಲ, ಬೇಕಾದರೆ ಬದಲಿಸಿಕೊಳ್ಳಿ" ಎಂಬ ಮಾತಾಯಿತು. ಬದಲಿಗೆ ತೋರಿಸಿದ ಕಾರ್ಡಿನ ಫ್ಯಾನ್ ತಿರುಗುವಾಗ ಕಾಫಿ ಪುಡಿ ಮಾಡುವ ಸದ್ದು ಬರುತ್ತಿದ್ದುದರಿಂದ ಇದನ್ನೇ ಇಟ್ಟುಕೊಂಡು ಬಂದೆವು. ಎಥೀರಿಯಂ ಎಂಬ ಕ್ರಿಪ್ಟೋ ಜಾಲ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಗಣಿಗಾರಿಕೆಗೆ ವಿದಾಯ ಹೇಳಿದ ಮೇಲೆ ಇಂಥ ಕಾರ್ಡುಗಳು ಜಗತ್ತಿನ ಎಲ್ಲ ಹಳೆ ಸರಕಿನ ಪೇಟೆಗಳಿಗೂ ಹರಿದವು. ಗಣಿಯಲ್ಲಿ ದುಡಿದ ಕಾರ್ಡು ಎಂಬ ಕಾರಣಕ್ಕೇ ಅದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಬಯಾಸ್ ಬದಲಾಗಿರಬಹುದು, ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರಬಹುದು ಎಂಬುದನ್ನು ನೆನಪಿಟ್ಟು, ಮಳಿಗೆಯಲ್ಲೇ ಹತ್ತು ನಿಮಿಷ ಓಡಿಸಿ ತೋರಿಸಿರೆಂದು ಕೇಳಬೇಕು.

ಬಾಲ ಉದುರಿದ ಈ ಕಾರ್ಡೂ ಸಹ ನೈಟ್ ಸಿಟಿಯಲ್ಲಿ 1650ನ್ನು ಸುಲಭವಾಗಿ ಹಿಂದೆ ಹಾಕಿತು ಎಂಬುದು ನಿಜ. 8 ಜಿಬಿ ಮೆಮೊರಿ, 256 ಬಿಟ್‌ನ ಅಗಲವಾದ ದಾರಿ ಇರುವುದರಿಂದ ಟೆಕ್ಸ್ಚರನ್ನು ಹೈ ಇಟ್ಟರೂ ಫಲಕಗಳು ಮಸುಕಾಗಲಿಲ್ಲ; ಲೋ ಮತ್ತು ಮೀಡಿಯಂ ಬೆರೆಸಿದ ಸೆಟ್ಟಿಂಗ್‌ನಲ್ಲಿ 45ರ ಮೇಲೆ ನಿಂತಿತು, ಕಾರು ಕಂಬದಿಂದ ದೂರವೇ ಉಳಿಯಿತು. ಆದರೆ ಎರಡು ಕೊರತೆಗಳಿವೆ. ಎಎಂಡಿ 2023ರ ಕೊನೆಯಲ್ಲಿ ಈ ಪೊಲಾರಿಸ್ ತಲೆಮಾರಿನ ಡ್ರೈವರುಗಳನ್ನು ಮುಖ್ಯ ಸಾಲಿನಿಂದ ಬೇರೆ ಮಾಡಿತು. ಹೊಸ ಆಟಗಳಿಗೆ ಬೇಕಾದ ಹದ ಇದಕ್ಕೆ ಇನ್ನು ನಿಯಮಿತವಾಗಿ ಸಿಗುವುದಿಲ್ಲ. ಎರಡನೆಯದು ವಿದ್ಯುತ್ತು.

ವಿದ್ಯುತ್ತಿನ ಮಾತು ಬಿಲ್ಲಿನ ಬಗ್ಗೆ ಅಲ್ಲ. ಅಸಲಿ 580ರ ಘೋಷಿತ ಬಳಕೆ 185 ವ್ಯಾಟ್, 6600ರದ್ದು 132. ದಿನಕ್ಕೆ ಮೂರು ಗಂಟೆ ಆಡಿದರೂ ತಿಂಗಳಿಗೆ ವ್ಯತ್ಯಾಸ ಐದು ಯೂನಿಟ್ ದಾಟುವುದಿಲ್ಲ, ಗೃಹಜ್ಯೋತಿಯ ಲೆಕ್ಕಕ್ಕೆ ಅದರಿಂದ ಧಕ್ಕೆಯೇನೂ ಇಲ್ಲ. ಮಾತು ಯುಪಿಎಸ್ ಬಗ್ಗೆ. ನಮ್ಮ ಮನೆಯಲ್ಲಿರುವುದು 600 ವಿಎ ಯುಪಿಎಸ್, ಅದರ ಬ್ಯಾಟರಿಗೂ ವಯಸ್ಸಾಗಿದೆ. 1650 ಇದ್ದಾಗ ಕರೆಂಟು ಹೋದರೆ ಆಟವನ್ನು ಸೇವ್ ಮಾಡಿ ಶಟ್‌ಡೌನ್ ಕೊಡುವಷ್ಟು ಸಮಯ ಸಿಗುತ್ತಿತ್ತು. 580 ಹಾಕಿದ ಎರಡನೆಯ ಸಂಜೆ ಮಳೆ ಬಂದು ಕರೆಂಟು ಹೋಯಿತು. ಯುಪಿಎಸ್ ಒಂದೇ ಒಂದು ಉದ್ದನೆಯ ಕೂಗು ಹಾಕಿ ಅಲ್ಲೇ ಸತ್ತಿತು. ಅಮ್ಮ ಅಡುಗೆಮನೆಯಿಂದ "ಅದೇನೋ ಕೂಗ್ಕೊಂಡಿದ್ದು?" ಎಂದು ಕೇಳುವಷ್ಟರಲ್ಲಿ ನನ್ನ ಅರ್ಧ ಗಂಟೆಯ ಆಟ ಹೋಗಿತ್ತು. ಹಾಗೆ ನೋಡಿದರೆ ಯಾವ ವಿಮರ್ಶೆಯ ಪಟ್ಟಿಯಲ್ಲೂ ಈ ಅಂಕಣ ಇರುವುದಿಲ್ಲ.

ಆರ್‌ಟಿಎಕ್ಸ್ 3050 ಒಂದು ಹಗಲು ಮಾತ್ರ ನನ್ನ ಬಳಿ ಇತ್ತು. 2022ರ ಜನವರಿಯಲ್ಲಿ ಬಂದ 8 ಜಿಬಿಯ ಮೂಲ ರೂಪ ಇದು: 2560 ಕೋರ್‌ಗಳು, 128 ಬಿಟ್, 130 ವ್ಯಾಟ್. ಇಲ್ಲಿಯೂ ಹೆಸರಿನ ಗೋಜಲಿದೆ. 2024ರ ಫೆಬ್ರವರಿಯಲ್ಲಿ ಇದೇ ಹೆಸರಿನಲ್ಲಿ 6 ಜಿಬಿಯ ಕಾರ್ಡು ಬಂತು. ಅದರಲ್ಲಿ ಕೋರ್‌ಗಳು 2304, ದಾರಿ 96 ಬಿಟ್, ಬಳಕೆ 70 ವ್ಯಾಟ್. ಕಡಿಮೆಯಾದದ್ದು ಬರಿಯ 2 ಜಿಬಿ ಎಂದುಕೊಂಡು ಕೊಂಡವರು, ಕಾರ್ಡೇ ಒಂದು ಮೆಟ್ಟಿಲು ಕೆಳಗಿನದು ಎಂಬುದನ್ನು ಮನೆಗೆ ಬಂದ ಮೇಲೆ ಅರಿಯುತ್ತಾರೆ. ಒಂದೇ ಹೆಸರಿನಡಿ ಬೇರೆ ಬೇರೆ ಕಾರ್ಡು ಮಾರುವ ಈ ಅಭ್ಯಾಸ ಎರಡೂ ದೊಡ್ಡ ಕಂಪನಿಗಳಲ್ಲಿದೆ, ಮತ್ತು ಅದು ಯಾವಾಗಲೂ ಅಗ್ಗದ ಕಾರ್ಡುಗಳ ಸಾಲಿನಲ್ಲೇ ಹೆಚ್ಚು ಕಾಣುತ್ತದೆ ಎಂಬುದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ.

1080ಪಿಯಲ್ಲಿ ಹೈ ಪ್ರೀಸೆಟ್ ಇಟ್ಟಾಗ 8 ಜಿಬಿಯ 3050 ಸರಾಸರಿ 45ರ ಸಮೀಪ ನಿಂತಿತು. ಆರ್‌ಎಕ್ಸ್ 6600 ಅದೇ ಜಾಗದಲ್ಲಿ 60ನ್ನು ಮುಟ್ಟಿತು. ಸುಮಾರು ಮೂರನೆಯ ಒಂದು ಭಾಗದಷ್ಟು ಅಂತರ; ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ಚಿತ್ರ ಬಿಡಿಸುವ ವಿಧಾನ) ಇಲ್ಲದ ಆಟಗಳಲ್ಲಿ ಬೇರೆಯವರು ಕಂಡದ್ದೂ ಇಷ್ಟೇ. 6600 ಬಂದದ್ದು 2021ರ ಅಕ್ಟೋಬರ್‌ನಲ್ಲಿ, 329 ಡಾಲರ್ ಬೆಲೆಗೆ. ಗಣಿಗಾರಿಕೆಯ ಹುಚ್ಚಿನ ಆ ದಿನಗಳಲ್ಲಿ ಅದನ್ನು ಬಜೆಟ್ ಕಾರ್ಡು ಎಂದಿದ್ದರೆ ಜನ ನಗುತ್ತಿದ್ದರು. ಆ ಹುಚ್ಚು ಇಳಿದ ಮೇಲೆ ನಮ್ಮಲ್ಲಿ ಇಪ್ಪತ್ತು ಸಾವಿರದ ಆಸುಪಾಸಿಗೆ ಬಂತು. ಇದರ ಮೆಮೊರಿಯ ವೇಗ ಸೆಕೆಂಡಿಗೆ 224 ಜಿಬಿ, ಅಂದರೆ 3050ರದ್ದೇ. ಹಳೆಯ 580ರ 256ಕ್ಕಿಂತಲೂ ಕಡಿಮೆ. ಆ ಕೊರತೆಯನ್ನು ತುಂಬುವುದು ಚಿಪ್ಪಿನೊಳಗೇ ಇರುವ 32 ಎಂಬಿ ಇನ್‌ಫಿನಿಟಿ ಕ್ಯಾಶ್. ಮತ್ತೆ ಮತ್ತೆ ಬೇಕಾಗುವ ಸಾಮಾನನ್ನು ಉಗ್ರಾಣಕ್ಕೆ ಹೋಗಿ ತರದೆ ಒಲೆಯ ಪಕ್ಕದ ಡಬ್ಬಿಯಲ್ಲೇ ಇಟ್ಟುಕೊಂಡಂತೆ ಅದು ಕೆಲಸ ಮಾಡುತ್ತದೆ. ಪರದೆಯ ರೆಸಲ್ಯೂಷನ್ ಹೆಚ್ಚಿದಂತೆ ಡಬ್ಬಿ ಸಾಲದಾಗುತ್ತದೆ, ಆದರೆ 1080ಪಿಗೆ ಧಾರಾಳವಾಗಿ ಸಾಕು.

ಹೀಗೆ ಬೆಂಚ್‌ಮಾರ್ಕ್ ಮಟ್ಟಿಗೆ ತೀರ್ಪು ಸರಳವಾಗಿತ್ತು. ಡಾಗ್‌ಟೌನ್ ಮಾರುಕಟ್ಟೆಗೆ ಹೋದಾಗ ಅದು ಸರಳವಾಗಿ ಉಳಿಯಲಿಲ್ಲ.

ಅಲ್ಲಿ ಜನರ ದಟ್ಟಣೆಯ ನಡುವೆ 6600 ಮತ್ತು 3050 ನಡುವಿನ ಅಂತರ ಕರಗುತ್ತ ಬಂತು. 60 ಇದ್ದದ್ದು 50ರ ಕಡೆಗೆ ಜಾರಿತು, ಒಂದು ಶೇಕಡಾ ಕನಿಷ್ಠ 40ಕ್ಕಿಂತ ಕೆಳಗೆ ಹೋಯಿತು. ನನ್ನ ಮೊದಲ ಪ್ರತಿಕ್ರಿಯೆ ಎಲ್ಲರದ್ದೂ ಆಗಿರುವಂಥದ್ದೇ: ಸೆಟ್ಟಿಂಗ್ ತಗ್ಗಿಸಿದೆ. ಹೈನಿಂದ ಮೀಡಿಯಂ, ಮೀಡಿಯಂನಿಂದ ಲೋ. ಎಫ್‌ಪಿಎಸ್ ಜಪ್ಪಯ್ಯ ಅನ್ನಲಿಲ್ಲ. ಆಗ ಅಳತೆಪಟ್ಟಿಯ ಇನ್ನೊಂದು ಸಾಲನ್ನು ನೋಡಿದೆ. ಪ್ರೊಸೆಸರಿನ ಆರೂ ಕೋರ್‌ಗಳು ನೂರರ ಹತ್ತಿರ ಏದುಸಿರು ಬಿಡುತ್ತಿದ್ದವು. ಗ್ರಾಫಿಕ್ಸ್ ಕಾರ್ಡು ಅರವತ್ತು ಎಪ್ಪತ್ತು ಶೇಕಡಾ ಕೆಲಸ ಮಾಡಿ ಉಳಿದ ಹೊತ್ತು ಕೈಕಟ್ಟಿ ಕುಳಿತಿತ್ತು. ಮಾರುಕಟ್ಟೆಯಲ್ಲಿ ಓಡಾಡುವ ಪ್ರತಿಯೊಬ್ಬನೂ ಎತ್ತ ಹೋಗಬೇಕು, ಯಾರಿಗೆ ದಾರಿ ಬಿಡಬೇಕು ಎಂದು ತೀರ್ಮಾನಿಸುವುದು ಪ್ರೊಸೆಸರು. ಅದು ಪಟ್ಟಿ ಕೊಡುವವರೆಗೆ ಕಾರ್ಡಿಗೆ ಬಿಡಿಸಲು ಏನೂ ಇರುವುದಿಲ್ಲ. 2.0ರ ನಂತರ ಈ ಭಾರ ಹೆಚ್ಚಾಗಿದೆ. ಸಂಸ್ಥೆ ಈಗ ಶಿಫಾರಸು ಮಾಡುವ ಪ್ರೊಸೆಸರ್ ಕೋರ್ ಐ7 12700 ಎಂಬುದನ್ನು ನೋಡಿದರೆ ನನ್ನ 9400ಎಫ್ ಎಲ್ಲಿ ನಿಂತಿದೆ ಎಂಬುದು ಗೊತ್ತಾಗುತ್ತದೆ.

ಆದ್ದರಿಂದ ಎಲ್ಲವನ್ನೂ ಮತ್ತೆ ಹೈಗೆ ಏರಿಸಿದೆ. ಎಫ್‌ಪಿಎಸ್ ಅಲ್ಲೇ ನಿಂತಿತು, ಅಂದರೆ ಚಂದದ ಚಿತ್ರ ಪುಕ್ಕಟೆಯಾಗಿ ಸಿಕ್ಕಿತು. ಬದಲಿಗೆ ಜನಸಾಂದ್ರತೆ ಎಂಬ ಒಂದೇ ಸಾಲನ್ನು, ಅಂದರೆ ಕ್ರೌಡ್ ಡೆನ್ಸಿಟಿಯನ್ನು, ಹೈನಿಂದ ಲೋಗೆ ಇಳಿಸಿದೆ. ಮಾರುಕಟ್ಟೆ ಸಂತೆ ಮುಗಿದ ಸಂಜೆಯಂತೆ ಸ್ವಲ್ಪ ಖಾಲಿಯಾಯಿತು, ಆದರೆ ಕನಿಷ್ಠ ಅಂಕಿ 40ನ್ನು ದಾಟಿ ನಿಂತಿತು. ಇನ್ನುಳಿದಂತೆ ನಾನು ತಗ್ಗಿಸಿದ್ದು ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಮತ್ತು ವಾಲ್ಯೂಮೆಟ್ರಿಕ್ ಫಾಗ್ ಎರಡನ್ನು ಮಾತ್ರ. ಮಳೆ ಬಿದ್ದ ರಸ್ತೆಯಲ್ಲಿ ನಿಯಾನ್ ದೀಪಗಳ ಪ್ರತಿಬಿಂಬವನ್ನು ಮೂಡಿಸುವ ಆ ಮೊದಲನೆಯದು ಕಾರ್ಡಿನ ಬೆವರು ಹೀರುವ ಸೆಟ್ಟಿಂಗ್; ಸೈಕೋ ಎಂಬ ಅದರ ತುತ್ತತುದಿಯ ಹಂತಕ್ಕೆ ಆ ಹೆಸರು ಇಟ್ಟವರು ಪ್ರಾಮಾಣಿಕರು.

ಇಷ್ಟಾದ ಮೇಲೂ 6600 ಕೊಂಡದ್ದು ದಂಡವೇ ಎಂದು ಕೇಳಬಹುದು. ಅಲ್ಲ. ನಗರದ ಉಳಿದ ಭಾಗಗಳಲ್ಲಿ ಅಂತರ ಇದ್ದೇ ಇದೆ, ಮುಂದೆ ಪ್ರೊಸೆಸರ್ ಬದಲಿಸಿದರೆ ಡಾಗ್‌ಟೌನ್‌ನಲ್ಲೂ ಅದು ಮರಳಿ ಬರುತ್ತದೆ. ಆದರೆ ಇದೇ 9400ಎಫ್ ಜೊತೆಗೆ ಇದಕ್ಕಿಂತ ದುಬಾರಿ ಕಾರ್ಡು ಹಾಕಿದರೆ ಆ ಹೆಚ್ಚುವರಿ ಹಣದ ಬಹುಪಾಲು ಕೈಕಟ್ಟಿ ಕುಳಿತುಕೊಳ್ಳುತ್ತದೆ.

ಅಪ್‌ಸ್ಕೇಲಿಂಗ್, ಅಂದರೆ ಸಣ್ಣ ಚಿತ್ರ ಬಿಡಿಸಿ ದೊಡ್ಡದು ಮಾಡುವ ತಂತ್ರದ, ವಿಷಯದಲ್ಲಿ 3050ಗೆ ನ್ಯಾಯ ಸಲ್ಲಿಸಬೇಕು. 1080ಪಿಯಲ್ಲಿ ಕ್ವಾಲಿಟಿ ಮಟ್ಟವನ್ನು ಆರಿಸಿದರೂ ಆಟ ನಿಜವಾಗಿ ಬಿಡಿಸುವುದು 1280x720 ಚಿತ್ರವನ್ನು. ಉಳಿದದ್ದನ್ನು ಊಹೆಯಿಂದ ತುಂಬಬೇಕು. ಈ ಕೆಲಸಕ್ಕೆ ಎಎಂಡಿ ತಂದ ಎಫ್‌ಎಸ್‌ಆರ್‌ನ ಹಳೆಯ ಆವೃತ್ತಿಗಳು ಬೇರೆ ಕಂಪನಿಯ ಕಾರ್ಡುಗಳಲ್ಲೂ ಓಡುತ್ತವೆ, 2022ರ ನವೆಂಬರ್‌ನ 1.61 ಪ್ಯಾಚ್‌ನಿಂದ ಅದರ 2.1 ಆವೃತ್ತಿ ಈ ಆಟದಲ್ಲಿದೆ. 1650 ಮತ್ತು 580ಗೆ ಅದೇ ಆಸರೆ. ಆದರೆ ಇಷ್ಟು ಕಡಿಮೆ ಚುಕ್ಕೆಗಳಿಂದ ಊಹಿಸುವಾಗ ತಂತಿಬೇಲಿಗಳು ಮಿಣಮಿಣ ಅನ್ನುತ್ತವೆ, ಓಡುವವರ ಹಿಂದೆ ನೆರಳಿನ ಬಾಲ ಬೆಳೆಯುತ್ತದೆ. ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಅದೇ 720ರಿಂದ ಕಣ್ಣಿಗೆ ಒಪ್ಪುವ ಚಿತ್ರ ಕೊಡುತ್ತದೆ. 2025ರ ಜನವರಿಯ 2.21 ಪ್ಯಾಚ್‌ನ ಹೊಸ ಮಾದರಿಯನ್ನು ಆರಿಸಿದರೆ ಇನ್ನೂ ಮೇಲು, ಮತ್ತು ಅದು ಹಳೆಯ ಆರ್‌ಟಿಎಕ್ಸ್ ಕಾರ್ಡುಗಳಿಗೂ ಸಿಗುತ್ತದೆ. ಹಾಗಾದರೆ 3050ಯೇ ಲೇಸಲ್ಲವೇ? ನನ್ನ ಎಣಿಕೆಯಲ್ಲಿ ಅಲ್ಲ. 6600ಗೆ 1080ಪಿಯಲ್ಲಿ ಆ ಆಸರೆಯೇ ಬೇಕಾಗಲಿಲ್ಲ. ಊಹಿಸಿ ತುಂಬಿದ ಒಳ್ಳೆಯ ಚಿತ್ರಕ್ಕಿಂತ ಊಹೆಯಿಲ್ಲದ ಚಿತ್ರ ಮೇಲು. ರೇ ಟ್ರೇಸಿಂಗ್ ಹಾಕಿದ ಕೂಡಲೇ ಎರಡೂ ಕಾರ್ಡುಗಳು ಹೆಚ್ಚು ಕಡಿಮೆ ಒಂದೇ ಸಾಲಿಗೆ ಬಂದು ಒಟ್ಟಿಗೆ ಮುಗ್ಗರಿಸಿದವು, ಪ್ರೊಸೆಸರಿನ ಹೊರೆಯೂ ಏರಿತು. ಈ ದರದ ಕಾರ್ಡುಗಳಲ್ಲಿ ಆ ಗುಂಡಿಯನ್ನು ಒಮ್ಮೆ ಒತ್ತಿ, ಪರದೆಯ ಚಿತ್ರ ತೆಗೆದುಕೊಂಡು, ಮತ್ತೆ ಆರಿಸುವುದೇ ಸರಿ.

ಕೊಳ್ಳಲು ಹೋಗಿ ಬಿಟ್ಟ ಎರಡು ಕಾರ್ಡುಗಳನ್ನೂ ಹೇಳಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಲು ಹೊಸದು, ಬೆಲೆ ಕಡಿಮೆ. ಆದರೆ ಅದು 4 ಜಿಬಿಯದು ಮತ್ತು ಅದಕ್ಕಿರುವುದು ನಾಲ್ಕೇ ಲೇನ್. ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ನಡೆದೀತು, ನನ್ನ 3.0 ಬೋರ್ಡಿನಲ್ಲಿ ಆ ನಾಲ್ಕು ಲೇನ್ ಸಾಗಿಸುವುದು ಸೆಕೆಂಡಿಗೆ 4 ಜಿಬಿಗಿಂತ ಕಡಿಮೆ. 1650 ಹದಿನಾರು ಲೇನ್ ಇದ್ದೂ ಕಂಬಕ್ಕೆ ಗುದ್ದಿತ್ತು. 6600ಗೂ ಎಂಟೇ ಲೇನ್, ಆದರೆ 8 ಜಿಬಿ ಇರುವುದರಿಂದ ಆ ಓಣಿಗೆ ಇಳಿಯುವ ಪ್ರಸಂಗವೇ ವಿರಳ. ಇನ್ನೊಂದು ಇಂಟೆಲ್‌ನ ಆರ್ಕ್ ಸಾಲು. 2024ರ ಡಿಸೆಂಬರ್‌ನಲ್ಲಿ 249 ಡಾಲರಿಗೆ 12 ಜಿಬಿ ಕೊಟ್ಟ ಬಿ580 ನೋಡಿ ನನಗೂ ಆಸೆಯಾಗಿತ್ತು. ಅದಕ್ಕೆ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು, ಇಂಟೆಲ್‌ನ ಸ್ವಂತ ಸೂಚನೆಯಂತೆ ಹತ್ತನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು, ನನ್ನದು ಒಂಬತ್ತನೆಯದು. ಹೊಸ ಪ್ರೊಸೆಸರಿನ ಜೊತೆ ಅದ್ಭುತವಾಗಿ ಓಡುವ ಅದೇ ಕಾರ್ಡು ಹಳೆಯವುಗಳ ಜೊತೆ ಗಣನೀಯವಾಗಿ ಹಿಂದೆ ಬೀಳುತ್ತದೆ ಎಂದು 2025ರ ಆರಂಭದಲ್ಲೇ ಪರೀಕ್ಷಕರು ತೋರಿಸಿದ್ದರು.

ತಮ್ಮನ ಕಥೆ ಬಾಕಿಯಿದೆ. ಅವನು ತನ್ನ 580ನ್ನು ಊರಿಗೆ ಒಯ್ದು, ಯಾವುದೋ ಕಚೇರಿಯಿಂದ ಹರಾಜಿನಲ್ಲಿ ಬಂದ ತನ್ನ ಬ್ರಾಂಡೆಡ್ ಕಂಪ್ಯೂಟರನ್ನು ತೆರೆದು ನೋಡಿದರೆ, ಅದರ ಎಸ್‌ಎಂಪಿಎಸ್‌ನಲ್ಲಿ 580ಗೆ ಬೇಕಾದ ಎಂಟು ಪಿನ್ನಿನ ವೈರೇ ಇಲ್ಲ. ಅದರ ಆಕಾರವೂ ಬೇರೆಯಾದ್ದರಿಂದ ಪೇಟೆಯ ಮಾಮೂಲು ಎಸ್‌ಎಂಪಿಎಸ್ ಅಲ್ಲಿ ಕೂರುವುದಿಲ್ಲ. ನನ್ನ 1650ಗೆ ವೈರೇ ಬೇಡ. ಮೊನ್ನೆ ಬಸ್ಸಿನವರ ಕೈಯಲ್ಲಿ ಅದನ್ನು ಕಳಿಸಿದೆ. 580 ಈಗ ನನ್ನ ಕಪಾಟಿನಲ್ಲಿದೆ. ರಾತ್ರಿ ಹನ್ನೊಂದಕ್ಕೆ ಫೋನು ಬಂತು. "ಅಣ್ಣ, ಓಡ್ತಾ ಇದೆ, ಆದ್ರೆ ಬೋರ್ಡೆಲ್ಲ ಮಸುಕು ಮಸುಕಾಗಿ ಕಾಣ್ತಾವೆ." ಮುಖ್ಯ ಮೆನುವಿಗೆ ಹೊರಗೆ ಬಾ, ಟೆಕ್ಸ್ಚರ್ ಲೋ ಮಾಡು ಎಂದೆ.